ಬಾಯಿಪಾಠ ಮಾಡಿದ ಭಾಷಣವನ್ನು ಸ್ಪರ್ಧೆಯಲ್ಲಿ ಅಳುಕಿಲ್ಲದೆ ಹೇಳಲು ಹೇಗೆ ಸಿದ್ಧರಾಗಬೇಕು?

ಕರ್ನಾಟಕ ಏಕೀಕರಣದ ಬಗ್ಗೆ ಐದು ನಿಮಿಷದ ಭಾಷಣವನ್ನು ಪೂರ್ತಿ ಬಾಯಿಪಾಠ ಮಾಡಿದ್ದೇನೆ, ಮನೆಯಲ್ಲಿ ಒಂದಕ್ಷರವೂ ತಪ್ಪುವುದಿಲ್ಲ, ಆದರೆ ವೇದಿಕೆಯ ಮೇಲೆ ಮರೆತುಹೋದರೆ ಏನು ಗತಿ ಎಂದು ನೀವು ಕೇಳಿದ್ದೀರಿ. ಸ್ಪರ್ಧೆಗೆ ಇನ್ನು ಹತ್ತು ದಿನವಿದೆ ಎಂದೂ ಬರೆದಿದ್ದೀರಿ. ಹೈಸ್ಕೂಲಿನಲ್ಲಿ ಇದೇ ವಿಷಯದ ಮೇಲೆ ಮಾತನಾಡುತ್ತಾ ನಡುವೆಯೇ ನಿಂತುಹೋದವನು ನಾನು. ಈಚಿನ ವರ್ಷಗಳಲ್ಲಿ ತಾಲ್ಲೂಕು ಮಟ್ಟದ ಕೆಲವು ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿಯೂ ಕುಳಿತಿದ್ದೇನೆ.

ನಾನು ನಿಂತುಹೋದ ಜಾಗ ಇಂದಿಗೂ ನೆನಪಿದೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಪ್ರಸ್ತಾಪದೊಂದಿಗೆ ನನ್ನ ಮೂರನೆಯ ಪ್ಯಾರಾ ಮುಗಿಯುತ್ತಿತ್ತು. ಆ ವಾಕ್ಯವನ್ನು ಸ್ವಲ್ಪ ಜೋರಾಗಿಯೇ ಹೇಳಿದೆ, ಸಭೆ ಚಪ್ಪಾಳೆ ತಟ್ಟಿತು, ಚಪ್ಪಾಳೆ ನಿಲ್ಲುವಷ್ಟರಲ್ಲಿ ಮುಂದಿನ ಮಾತು ತಲೆಯಿಂದ ಹಾರಿಹೋಗಿತ್ತು. ಅದೇ ವಾಕ್ಯವನ್ನು ಮತ್ತೆರಡು ಬಾರಿ ಹೇಳಿದೆ; ಆಮೇಲೆ ಸಮಯ ಮುಗಿದ ಗಂಟೆ ಹೊಡೆಯಿತು. ಒಂದು ಪ್ಯಾರಾದ ಒಳಗೆ ಒಂದು ಮಾತು ಇನ್ನೊಂದನ್ನು ಎಳೆದುಕೊಂಡು ಬರುತ್ತದೆ, ಎರಡು ಪ್ಯಾರಾಗಳ ನಡುವೆ ಹಾಗೆ ಎಳೆಯುವುದು ಏನೂ ಇರುವುದಿಲ್ಲ. ಆದ್ದರಿಂದ ಮರೆವು ಸಾಮಾನ್ಯವಾಗಿ ಬೆಸುಗೆಯ ಜಾಗದಲ್ಲೇ ಬರುತ್ತದೆ ಎಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಹಾಗಾಗಿ ಈ ಹತ್ತು ದಿನಗಳಲ್ಲಿ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ನೂರು ಸಲ ಒಪ್ಪಿಸುವುದಕ್ಕಿಂತ, ಪ್ರತಿ ಪ್ಯಾರಾದ ಕೊನೆಯ ವಾಕ್ಯವನ್ನೂ ಮುಂದಿನ ಪ್ಯಾರಾದ ಮೊದಲ ವಾಕ್ಯವನ್ನೂ ಜೋಡಿಸಿ ಹೇಳುವುದನ್ನು ರೂಢಿಸಿಕೊಳ್ಳಿ. ತಪ್ಪಿದಾಗಲೆಲ್ಲ ಮೊದಲಿನಿಂದ ಶುರುಮಾಡುವುದು ನಮ್ಮೆಲ್ಲರ ಅಭ್ಯಾಸ. ಅದರಿಂದ ಆರಂಭ ಮಾತ್ರ ನೀರು ಕುಡಿದಂತೆ ಬರುತ್ತದೆ, ಕೊನೆಯ ಭಾಗ ಹಸಿಯಾಗಿಯೇ ಉಳಿಯುತ್ತದೆ. ಕೊನೆಯ ಪ್ಯಾರಾವನ್ನು ಮೊದಲು ಗಟ್ಟಿ ಮಾಡಿಕೊಂಡು ಹಿಂದಕ್ಕೆ ಬನ್ನಿ. ತಮ್ಮನೋ ತಂಗಿಯೋ ಒಂದು ಸಂಖ್ಯೆ ಕೂಗಿದರೆ ಆ ಸಂಖ್ಯೆಯ ಪ್ಯಾರಾದಿಂದಲೇ ಶುರುಮಾಡಲು ನಿಮಗೆ ಬರಬೇಕು. ಒಂದರ ನಂತರ ಇನ್ನೊಂದು ಏಕೆ ಬರುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಸ್ವಾತಂತ್ರ್ಯ ಬಂದ ಮೇಲೂ ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಬೇರೆಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು, 1953ರಲ್ಲಿ ಆಂಧ್ರ ರಾಜ್ಯ ರಚನೆಯಾದದ್ದು ಭಾಷಾವಾರು ಪ್ರಾಂತ್ಯದ ಬೇಡಿಕೆಗೆ ಬಲ ಕೊಟ್ಟಿತು, ಅದೇ ವರ್ಷ ರಾಜ್ಯಗಳ ಮರುವಿಂಗಡಣೆಯನ್ನು ಪರಿಶೀಲಿಸಲು ಫಜಲ್ ಅಲಿ ಆಯೋಗ ನೇಮಕವಾಯಿತು, 1956ರಲ್ಲಿ ಏಕೀಕರಣವಾಯಿತು. ಈ ಕಾರಣಗಳ ಸರಪಳಿ ತಲೆಯಲ್ಲಿದ್ದರೆ ಪ್ಯಾರಾಗಳ ಅನುಕ್ರಮವನ್ನು ಬೇರೆಯಾಗಿ ಕಂಠಪಾಠ ಮಾಡಬೇಕಾಗಿಲ್ಲ.

ಇಸವಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕಾಗದದ ಮೇಲೆ 1956 ಎಂದು ನಾಲ್ಕು ಅಂಕಿ ಬರೆದಿರುತ್ತೇವೆ, ನಾಲಿಗೆಯಾದರೋ "ಸಾವಿರದ ಒಂಬೈನೂರ ಐವತ್ತಾರನೆಯ ಇಸವಿ" ಎಂದು ಉರುಳಬೇಕು. ಅವನ್ನು ಅಕ್ಷರದಲ್ಲೇ ಬರೆದುಕೊಂಡು ಕಲಿಯಿರಿ. ಉದ್ದುದ್ದ ವಾಕ್ಯಗಳನ್ನೂ ಒಡೆಯಿರಿ. "ಹರಿದು ಹಂಚಿಹೋಗಿದ್ದ ನಾಡನ್ನು ಒಂದುಗೂಡಿಸಲು ಹೋರಾಡಿದ ಮಹನೀಯರ ತ್ಯಾಗವನ್ನು ಸ್ಮರಿಸುವುದು ನಮ್ಮೆಲ್ಲರ ಆದ್ಯ ಕರ್ತವ್ಯವಾಗಿದೆ" ಎಂಬಂಥ ವಾಕ್ಯವನ್ನು ನಾನು ಎಷ್ಟು ಮಕ್ಕಳ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಉಸಿರು ಸಾಲದೆ ಹೋದಾಗ ನುಂಗಿಹೋಗುವುದು ಅದೇ, ಮತ್ತು ಅದಿಲ್ಲದೆ ವಾಕ್ಯಕ್ಕೆ ಅರ್ಥವೇ ಇಲ್ಲ. ವೇದಿಕೆಯ ಗಣ್ಯರನ್ನೆಲ್ಲ ಒಬ್ಬೊಬ್ಬರಾಗಿ ಸಂಬೋಧಿಸುತ್ತಾ ಅರ್ಧ ನಿಮಿಷ ಕಳೆಯುವುದೂ ಬೇಡ. ಅದಕ್ಕೆ ನಾನಂತೂ ಒಂದು ಅಂಕವನ್ನೂ ಕೊಟ್ಟವನಲ್ಲ.

ಅಭ್ಯಾಸವನ್ನು ನಿಂತುಕೊಂಡೇ ಮಾಡಿ, ಹಿಂದಿನ ಕೋಣೆಯಲ್ಲಿರುವವರಿಗೆ ಕೇಳಿಸುವಷ್ಟು ದನಿಯಲ್ಲಿ ಮಾಡಿ. ಒಂದು ಕೈಯಲ್ಲಿ ಮೈಕಿನ ಬದಲು ಲಟ್ಟಣಿಗೆ ಹಿಡಿದುಕೊಳ್ಳಿ. ಮನೆಯವರು ನಕ್ಕರೆ ನಗಲಿ, ಎರಡೂ ಕೈ ಬೀಸಿ ಕಲಿತ ಹಾವಭಾವ ಮೈಕು ಹಿಡಿದಾಗ ಕೆಲಸಕ್ಕೆ ಬರುವುದಿಲ್ಲ. ಒಂದೆರಡು ಸಲ ಟಿವಿ ಹಾಕಿಟ್ಟು, ಒಂದೆರಡು ಸಲ ನಡುವೆ ಯಾರಾದರೂ ಚಪ್ಪಾಳೆ ತಟ್ಟುವಂತೆ ಹೇಳಿ ಒಪ್ಪಿಸಿ ನೋಡಿ. ಹಿಂದಿನ ರಾತ್ರಿ ಹೊಸ ವಾಕ್ಯ ಸೇರಿಸಬೇಡಿ.

ಇಷ್ಟಾಗಿಯೂ ಮರೆತರೆ, ಕ್ಷಮೆ ಕೇಳಬೇಡಿ, ಸೂರು ನೋಡಬೇಡಿ. ಒಮ್ಮೆ ಉಸಿರೆಳೆದುಕೊಂಡು ಯಾವ ಪ್ಯಾರಾದ ಮೊದಲ ವಾಕ್ಯ ನೆನಪಾಗುತ್ತದೋ ಅಲ್ಲಿಗೆ ಹೋಗಿ. ತೀರ್ಪುಗಾರರ ಕೈಯಲ್ಲಿ ಅಂಕಪಟ್ಟಿ ಇರುತ್ತದೆಯೇ ಹೊರತು ನಿಮ್ಮ ಭಾಷಣದ ಪ್ರತಿ ಇರುವುದಿಲ್ಲ. ಒಮ್ಮೆ ಒಬ್ಬ ಹುಡುಗಿ 1956ರ ಹತ್ತಿರ ಬಂದು ಸುಮ್ಮನಾದಳು, ಸಭೆಯನ್ನು ನೋಡಿದಳು, ಆಮೇಲೆ 1973ರ ನವೆಂಬರ್ ಒಂದರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮಾತಿಗೆ ನೇರವಾಗಿ ಬಂದಳು. ಆ ಮೌನ ಬೇಕೆಂದೇ ಇಟ್ಟದ್ದು ಎಂದುಕೊಂಡು ನಾನು ಒಳ್ಳೆಯ ಅಂಕವನ್ನೇ ಹಾಕಿದೆ. ಎರಡನೆಯ ಬಹುಮಾನ ತೆಗೆದುಕೊಂಡು ಇಳಿಯುವಾಗ ಅವಳೇ ಬಂದು ಹೇಳಿದಳು: "ಸರ್, ಮಧ್ಯದಲ್ಲಿ ಒಂದು ಪ್ಯಾರಾ ಪೂರ್ತಿ ಮರೆತುಹೋಗಿತ್ತು."