ಪ್ರಶ್ನೋತ್ತರ: ಅವರೆಯ ಹೂವು, ಜಿಂಕೆಯ ಬೆದೆ, ಇರುಳಿನ ಉದ್ದ

ಈ ಸಂಚಿಕೆಗೆ ಮೂರು ಪತ್ರಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಒಂದು, ಕೋಣೆಯೊಳಗೆ ಬೀಜಕ್ಕಾಗಿ ಗಿಡ ಬೆಳೆಸುತ್ತಿರುವವರದು. ಉಳಿದೆರಡು ಜಿಂಕೆ ಬೇಟೆಯ ಋತುವನ್ನು ಕುರಿತವು. ಇವುಗಳನ್ನು ಒಂದೇ ಕಂತೆಯಲ್ಲಿ ಏಕೆ ಕಟ್ಟಿದೆನೆಂಬುದು ಓದುತ್ತ ಹೋದಂತೆ ತಿಳಿದೀತು.

ಪ್ರಶ್ನೆ: ಬೀಜ ಮಾಡಿಕೊಳ್ಳುವ ಉದ್ದೇಶದಿಂದ ಕೋಣೆಯೊಳಗೆ ಎಲ್‌ಇಡಿ ದೀಪದ ಕೆಳಗೆ ಕೊತ್ತಂಬರಿ, ಅವರೆ ಮತ್ತು ಟೊಮೆಟೊ ಬೆಳೆಸುತ್ತಿದ್ದೇನೆ. ದೀಪ ದಿನಕ್ಕೆ 16 ಗಂಟೆ ಉರಿಯುತ್ತದೆ. ಕೊತ್ತಂಬರಿ ಸರಿಯಾಗಿ ಎಲೆ ಬಿಡುವ ಮೊದಲೇ ಹೂವಿಗೆ ಬಂತು. ಅವರೆ ಬಳ್ಳಿ ಛಾವಣಿ ಮುಟ್ಟಿದರೂ ಒಂದು ಮೊಗ್ಗಿಲ್ಲ. ಟೊಮೆಟೊ ಹೂಗಳು ಕಾಯಿ ಕಚ್ಚದೆ ಉದುರುತ್ತಿವೆ. ಗೊಬ್ಬರದಲ್ಲಿ ದೋಷವಿದೆಯೇ?

ಉತ್ತರ: ಗೊಬ್ಬರವನ್ನು ದೂರಬೇಡಿ. ಮೊದಲೆರಡು ತೊಂದರೆಗಳು ನಿಮ್ಮ ದೀಪದ ಗಡಿಯಾರದಿಂದ ಬಂದವು; ಮೂರನೆಯದು ಗಾಳಿಯಿಲ್ಲದ್ದರಿಂದ.

ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ ಅವರಿಗೂ ಇದೇ ಬಗೆಯ ಒಗಟು ಎದುರಾಗಿತ್ತು. ‘ಮೇರಿಲ್ಯಾಂಡ್ ಮ್ಯಾಮತ್’ ಎಂಬ ಹೊಗೆಸೊಪ್ಪಿನ ತಳಿ ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆದರೂ ಹೂ ಬಿಡುತ್ತಿರಲಿಲ್ಲ, ಹಾಗಾಗಿ ಬೀಜವೂ ಸಿಗುತ್ತಿರಲಿಲ್ಲ. ಅದೇ ಗಿಡವನ್ನು ಚಳಿಗಾಲದಲ್ಲಿ ಗಾಜಿನ ಮನೆಗೆ ತಂದರೆ ಹೂ ಬಿಡುತ್ತಿತ್ತು. 1918ರ ಬೇಸಿಗೆಯಲ್ಲಿ ಅವರು ಕುಂಡಗಳನ್ನು ಪ್ರತಿ ಸಂಜೆ ನಾಲ್ಕು ಗಂಟೆಗೆ ಕತ್ತಲೆಯ ಗುಡಿಸಲಿಗೆ ಸಾಗಿಸಿ ಮರುದಿನ ಬೆಳಗ್ಗೆ ಹೊರತೆಗೆಯತೊಡಗಿದರು. ನಡುಬೇಸಿಗೆಯಲ್ಲೇ ಗಿಡಗಳು ಹೂ ಬಿಟ್ಟವು. ಗಿಡ ಹೂ ಬಿಡುವ ಕಾಲವನ್ನು ಹಗಲಿನ ಉದ್ದ ನಿರ್ಧರಿಸಬಲ್ಲದೆಂದು ಅವರು 1920ರಲ್ಲಿ ಪ್ರಕಟಿಸಿದರು. ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ಅಡ್ಡಿಯಿಲ್ಲದ ಇರುಳನ್ನು ಎಂಬ ತಿದ್ದುಪಡಿ 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಅವರಿಂದ ಬಂತು. ಅವರು ಪ್ರಯೋಗಕ್ಕೆ ತೆಗೆದುಕೊಂಡ ಜಾಂಥಿಯಂ ಎಂಬ ಕಳೆಗಿಡವು, ಉದ್ದನೆಯ ಇರುಳಿನ ನಡುವೆ ಸ್ವಲ್ಪ ಹೊತ್ತು ದೀಪ ಹಚ್ಚಿ ಆರಿಸಿದರೂ ಹೂ ಬಿಡಲು ನಿರಾಕರಿಸುತ್ತಿತ್ತು.

ನಿಮ್ಮ ಅವರೆಯದೂ ಈ ಹೊಗೆಸೊಪ್ಪಿನಂಥದೇ ಸ್ವಭಾವ. ಋತುವಿಗೆ ಸ್ಪಂದಿಸದ ಹೊಸ ತಳಿಗಳನ್ನು ಬಿಟ್ಟರೆ, ಹಳೆಯ ಅವರೆ ತಳಿಗಳಿಗೆ ಹೂ ಬಿಡಲು ಉದ್ದನೆಯ ಇರುಳು ಬೇಕು. ಕೊತ್ತಂಬರಿಯದು ಇದಕ್ಕೆ ವಿರುದ್ಧ ಸ್ವಭಾವ; ಬೆಳಕಿನ ಅವಧಿ ಹೆಚ್ಚಿದಷ್ಟೂ ಅದು ಹೂವಿಗೆ ಅವಸರಿಸುತ್ತದೆ. ಹೀಗಿರುವಾಗ ಎರಡನ್ನೂ ಒಂದೇ ದೀಪದ ಕೆಳಗೆ ಇಟ್ಟು ಎರಡರಿಂದಲೂ ಒಳ್ಳೆಯ ಬೀಜ ಪಡೆಯುವ ಆಸೆಯನ್ನು ಬಿಡುವುದೇ ಒಳಿತು. ಅವರೆಯನ್ನು ಬೇರೆ ಮಾಡಿ, ದಿನಕ್ಕೆ ಹತ್ತು ಗಂಟೆ ಬೆಳಕು ಕೊಟ್ಟು, ಉಳಿದ ಹದಿನಾಲ್ಕು ಗಂಟೆ ಸಂಪೂರ್ಣ ಕತ್ತಲೆಯಲ್ಲಿಡಿ. ಸಂಪೂರ್ಣವೆಂದರೆ ಸಂಪೂರ್ಣ: ಗಿಡದಲ್ಲಿ ಇರುಳನ್ನು ಅಳೆಯುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯವನ್ನು ಎಚ್ಚರಿಸುವುದರಲ್ಲಿ ಕೆಂಪು ಬೆಳಕೇ ಎಲ್ಲಕ್ಕಿಂತ ಚುರುಕಾದ್ದರಿಂದ, ಪಕ್ಕದ ಕಪಾಟಿನ ಗಿಡದೀಪದಿಂದ ಸೋರುವ ಗುಲಾಬಿ ಬೆಳಕೂ ಇರುಳನ್ನು ಮುರಿದುಬಿಡಬಹುದು. ದಪ್ಪ ಕಪ್ಪು ಬಟ್ಟೆ ಅಥವಾ ದೊಡ್ಡ ರಟ್ಟಿನ ಪೆಟ್ಟಿಗೆ ಸಾಕು, ಆದರೆ ಒಳಗೆ ಗಾಳಿಯಾಡಬೇಕು.

ಹೆಚ್ಚು ಬೆಳಕು ಕೊಟ್ಟರೆ ಬೀಜ ಬೇಗ ಬರುತ್ತದೆಂಬ ನಂಬಿಕೆ ಸುಳ್ಳೇನಲ್ಲ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ತೊಡಗಿದ್ದ ತಂಡವೊಂದು ದಿನಕ್ಕೆ 22 ಗಂಟೆ ಬೆಳಕು ಕೊಟ್ಟು ಗೋಧಿ, ಬಾರ್ಲಿ, ಕಡಲೆಗಳಲ್ಲಿ ವರ್ಷಕ್ಕೆ ಆರು ತಲೆಮಾರುಗಳವರೆಗೆ ಪಡೆಯಬಹುದೆಂದು 2018ರಲ್ಲಿ ವರದಿ ಮಾಡಿತು. ಆದರೆ ಆ ಉಪಾಯ ದೀರ್ಘ ಹಗಲನ್ನು ಬಯಸುವ ಅಥವಾ ಸಹಿಸುವ ಬೆಳೆಗಳಿಗೆ ಮಾತ್ರ ಹೊಂದುತ್ತದೆ.

ಕೊತ್ತಂಬರಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅದರ ಹೂವಿನಲ್ಲಿ ಪರಾಗ ಮೊದಲು ಉದುರಿ, ಪರಾಗವನ್ನು ಹಿಡಿದುಕೊಳ್ಳುವ ಶಲಾಕಾಗ್ರ ಆಮೇಲೆ ಸಿದ್ಧವಾಗುತ್ತದೆ. ಹಾಗಾಗಿ ಒಂದು ಹೂವಿನ ಪರಾಗ ಇನ್ನೊಂದಕ್ಕೆ ತಲುಪಬೇಕು; ಕೀಟಗಳಿಲ್ಲದ ಕೋಣೆಯಲ್ಲಿ ಆ ಕೆಲಸ ನಿಮ್ಮದು: ಹೂಗೊಂಚಲುಗಳ ಮೇಲೆ ಅಂಗೈಯನ್ನೋ ಮೆದು ಕುಂಚವನ್ನೋ ಒಂದು ಗಿಡದಿಂದ ಇನ್ನೊಂದಕ್ಕೆ ಹಗುರವಾಗಿ ಆಡಿಸುವುದನ್ನು ಹಲವು ದಿನ ಮುಂದುವರಿಸಬೇಕು. ಎರಡು ಮೂರು ಗಿಡಗಳಷ್ಟೇ ಇದ್ದರೆ ತಲೆಮಾರಿನಿಂದ ತಲೆಮಾರಿಗೆ ಕಸುವು ಕುಗ್ಗೀತು. ಜಾಗವಿದ್ದಷ್ಟೂ ಹೆಚ್ಚು ಗಿಡ ಇಡಿ. ಸೊಪ್ಪಿಗಾಗಿ ಬೆಳೆಸುವುದಾದರೆ ಎಲ್ಲಕ್ಕಿಂತ ಮೊದಲು ಹೂವೆತ್ತಿದ ಗಿಡದ ಬೀಜ ಇಡಬೇಡಿ. ಅವಸರದ ಗಿಡದ ಮಕ್ಕಳೂ ಅವಸರದವೇ ಆಗುವ ಸಂಭವ ಹೆಚ್ಚು.

ಟೊಮೆಟೊ ಹೂವು ತನ್ನ ಪರಾಗದಿಂದಲೇ ಫಲಿಸುತ್ತದೆ, ಆದರೆ ಕೇಸರಗಳ ಕೊಳವೆಯೊಳಗಿರುವ ಪರಾಗ ಅಲುಗಾಟವಿಲ್ಲದೆ ಉದುರುವುದಿಲ್ಲ. ಬಯಲಿನಲ್ಲಿ ಗಾಳಿಯೂ ದುಂಬಿಯ ಗುಂಯ್‌ಗುಡುವಿಕೆಯೂ ಮಾಡುವ ಈ ಕೆಲಸವನ್ನು ನೀವು ದಿನಕ್ಕೊಮ್ಮೆ ಹೂತೊಟ್ಟನ್ನು ಬೆರಳಿನಿಂದ ಮೀಟಿ, ಇಲ್ಲವೇ ವಿದ್ಯುತ್ ಹಲ್ಲುಜ್ಜುಕದ ಹಿಂಬದಿಯನ್ನು ಕ್ಷಣಕಾಲ ತಾಗಿಸಿ ಮಾಡಬಹುದು. ಕೋಣೆಯ ಶಾಖ 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗವೇ ಕೆಡುತ್ತದೆ. ನೀವು ಬಿತ್ತಿದ್ದು ಹೈಬ್ರಿಡ್ ತಳಿಯಾಗಿದ್ದರೆ ಅದರ ಬೀಜದಿಂದ ತಾಯಿಯಂಥ ಗಿಡಗಳು ಹುಟ್ಟವು ಎಂಬುದನ್ನೂ ಗಮನದಲ್ಲಿಡಿ. ಹಣ್ಣಿನಿಂದ ತೆಗೆದ ಬೀಜವನ್ನು ಲೋಳೆಯ ಸಮೇತ ಎರಡು ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿ. ಅವರೆ ಕಾಯಿ ಬಳ್ಳಿಯಲ್ಲೇ ಒಣಗಲಿ. ಬೀಜದ ತೇವಾಂಶ ಶೇಕಡಾ ಒಂದರಷ್ಟು ಇಳಿದರೆ ಅದರ ಬಾಳಿಕೆ ಸರಿಸುಮಾರು ಇಮ್ಮಡಿಯಾಗುತ್ತದೆಂಬುದು ಬೀಜ ಸಂಗ್ರಹಕಾರರ ಹಳೆಯ ಲೆಕ್ಕ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಗಂಡು ಮತ್ತು ಹೆಣ್ಣು ಜಿಂಕೆಗಳ ಬೇಟೆಗೆ ಬೇರೆ ಬೇರೆ ತಿಂಗಳುಗಳಿವೆಯೆಂದು ಓದಿದೆ. ಇದಕ್ಕೆ ಆಧಾರವೇನು?

ಉತ್ತರ: ಅಲ್ಲಿನ 1991ರ ಜಿಂಕೆ ಕಾಯ್ದೆಯ ಪ್ರಕಾರ ಕೆಂಪು ಜಿಂಕೆಯ ಗಂಡನ್ನು ಆಗಸ್ಟ್ 1ರಿಂದ ಏಪ್ರಿಲ್ 30ರವರೆಗೆ, ಹೆಣ್ಣನ್ನು ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಬೇಟೆಯಾಡಬಹುದು. ಹೆಣ್ಣಿಗಿರುವ ನಿಷೇಧದ ಅರ್ಥ ಸುಲಭವಾಗಿ ತಿಳಿಯುತ್ತದೆ. ಕೆಂಪು ಜಿಂಕೆಗೆ ಬೆದೆ ಬರುವುದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ. ಮರಿ ಹುಟ್ಟುವುದು ಮೇ ಕೊನೆ ಮತ್ತು ಜೂನ್ ಹೊತ್ತಿಗೆ. ಗಬ್ಬದ ಕೊನೆಯ ದಿನಗಳಿಂದ ಹಿಡಿದು ಮರಿ ತಾಯಿಯಿಲ್ಲದೆ ಬದುಕಬಲ್ಲಷ್ಟು ಬೆಳೆಯುವವರೆಗೆ ತಾಯಿಗೆ ಕಾನೂನಿನ ರಕ್ಷಣೆಯಿದೆ. ಗಂಡಿನ ನಿಷೇಧಕ್ಕೆ ಅಂಥ ಗಟ್ಟಿ ಕಾರಣ ನನಗೆ ಕಾಣುವುದಿಲ್ಲ. ಅದು ಹೊಸ ಕೊಂಬು ಮಖಮಲ್ಲಿನಂಥ ತೊಗಲು ಹೊದ್ದು ಬೆಳೆಯುವ ಕಾಲಕ್ಕೆ ಸರಿಹೊಂದುತ್ತದೆ. ಬೆದೆಯ ಕಾಲವಾದರೋ ಬೇಟೆಯ ಅವಧಿಯೊಳಗೇ ಬೀಳುತ್ತದೆ. ಸ್ಕಾಟ್ಲೆಂಡಿನಲ್ಲಿ 2023ರಲ್ಲಿ ಗಂಡುಗಳಿಗಿದ್ದ ನಿಷೇಧದ ಅವಧಿಯನ್ನೇ ರದ್ದುಪಡಿಸಲಾಯಿತು. ಜಿಂಕೆಗಳು ಹೆಚ್ಚಿ ಎಳೆ ಮರಗಳನ್ನು ಮೇಯುತ್ತಿರುವುದು ಅಲ್ಲಿನ ದೊಡ್ಡ ಚಿಂತೆ.

ರೋ ಜಿಂಕೆಯ ಲೆಕ್ಕ ತಿರುವುಮುರುವು. ಅದರ ಗಂಡಿನ ಬೇಟೆ ಏಪ್ರಿಲ್ 1ರಿಂದ ಅಕ್ಟೋಬರ್ 31ರವರೆಗೆ, ಏಕೆಂದರೆ ಅದು ಕೊಂಬು ಬೆಳೆಸಿಕೊಳ್ಳುವುದು ಚಳಿಗಾಲದಲ್ಲಿ. ಅದರ ಬೆದೆ ಜುಲೈ–ಆಗಸ್ಟ್‌ನಲ್ಲೇ ಮುಗಿದರೂ ಭ್ರೂಣವು ಗರ್ಭಕೋಶಕ್ಕೆ ಅಂಟಿಕೊಳ್ಳದೆ ತಿಂಗಳುಗಟ್ಟಲೆ ಸುಮ್ಮನಿದ್ದು, ಹೊಸ ವರ್ಷದ ಆಸುಪಾಸಿನಲ್ಲಿ ಬೆಳೆಯತೊಡಗುತ್ತದೆ. ಮರಿ ಮಾತ್ರ ಮೇ–ಜೂನ್‌ನ ಹಸಿರಿಗೆ ಸರಿಯಾಗಿ ಹುಟ್ಟುತ್ತದೆ. ಚೀನಾ ಮೂಲದ ಮಂಟ್‌ಜ್ಯಾಕ್ ಜಿಂಕೆಗಾದರೋ ಇಂಗ್ಲೆಂಡಿನಲ್ಲಿ ನಿಷೇಧದ ಅವಧಿಯೇ ಇಲ್ಲ. ವರ್ಷವಿಡೀ ಈಯುವ ಪ್ರಾಣಿಗೆ ಯಾವ ತಿಂಗಳನ್ನು ಬಿಡಬೇಕೆಂದು ಕಾನೂನು ತಾನೇ ಹೇಗೆ ಹೇಳೀತು?

ಪ್ರಶ್ನೆ: ಜಿಂಕೆಗೆ ತಿಂಗಳು ತಿಳಿಯುವುದು ಚಳಿಯಿಂದಲೋ, ಮೇವಿನಿಂದಲೋ?

ಉತ್ತರ: ಮೇವೂ ಚಳಿಯೂ ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತವೆ, ಇರುಳಿನ ಉದ್ದ ಆಗುವುದಿಲ್ಲ. ಕತ್ತಲಿರುವಷ್ಟು ಹೊತ್ತು ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಇರುಳು ಉದ್ದವಾಗುತ್ತಿದೆಯೆಂಬ ಸುದ್ದಿ ಜಿಂಕೆಯ ದೇಹಕ್ಕೆ ಮುಟ್ಟುವುದು ಹಾಗೆ. ಬ್ರಿಟನ್ನಿನಿಂದ ನ್ಯೂಜಿಲೆಂಡಿಗೆ ಒಯ್ದ ಕೆಂಪು ಜಿಂಕೆಗಳ ಸಂತತಿ ಅಲ್ಲಿ ಬೆದೆಯ ಕೂಗು ಹಾಕುವುದು ಮಾರ್ಚ್–ಏಪ್ರಿಲ್‌ನಲ್ಲಿ, ಏಕೆಂದರೆ ಆ ಗೋಲಾರ್ಧದಲ್ಲಿ ಇರುಳು ಬೆಳೆಯುವ ಕಾಲ ಅದು.

ಮೊದಲ ಪತ್ರದವರ ದೀಪದ ಕೋಣೆಯಂಥದ್ದನ್ನೇ ರಿಚರ್ಡ್ ಗಾಸ್ ಎಂಬ ವಿಜ್ಞಾನಿ ಸಿಕಾ ಜಿಂಕೆಗಳಿಗಾಗಿ ಏರ್ಪಡಿಸಿದ್ದರು. ವರ್ಷದ ಬೆಳಕಿನ ಏರಿಳಿತವನ್ನು ಕೃತಕ ದೀಪಗಳಿಂದ ಕೆಲವೇ ತಿಂಗಳುಗಳಿಗೆ ಕುಗ್ಗಿಸಿದಾಗ ಜಿಂಕೆಗಳು ಒಂದೇ ವರ್ಷದಲ್ಲಿ ಹಲವು ಬಾರಿ ಕೊಂಬು ಉದುರಿಸಿ ಹೊಸದನ್ನು ಬೆಳೆಸಿದವೆಂದು ಅವರು 1969ರಲ್ಲಿ ಪ್ರಕಟಿಸಿದರು. ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ ಎಂದು ಏರಿಳಿತವೇ ಇಲ್ಲದಂತೆ ಇಟ್ಟ ಜಿಂಕೆಗಳು ಮಾತ್ರ ಹಳೆಯ ಕೊಂಬನ್ನು ಬದಲಿಸದೆ ಹಾಗೆಯೇ ಹೊತ್ತುಕೊಂಡಿದ್ದವು.