ಪ್ರತಿಕ್ರಿಯೆ: ನೈಸರ್ಗಿಕ ರಬ್ಬರ್–ಇಪಿಡಿಎಂ ಮಿಶ್ರಣದ ಬಲ ಲೆಕ್ಕಕ್ಕಿಂತ ಕಡಿಮೆ ಯಾಕೆ?

ನೈಸರ್ಗಿಕ ರಬ್ಬರ್ ಮತ್ತು ಇಪಿಡಿಎಂ (ಒಂದು ಕೃತಕ ರಬ್ಬರ್) 50:50 ಬೆರೆಸಿದಾಗ ಎಳೆತದ ಬಲ ಎರಡರ ಸರಾಸರಿ ಲೆಕ್ಕಕ್ಕಿಂತ ತೀರಾ ಕಡಿಮೆ ಬಂತು ಅಂದಿರಲ್ಲ, ಕಾರಣ ಬಹುಶಃ ಕ್ಯೂರಿಂಗ್, ಅಂದರೆ ಗಂಧಕ ಸೇರಿಸಿ ಬಿಸಿ ಮಾಡಿ ರಬ್ಬರನ್ನು ಗಟ್ಟಿ ಮಾಡುವ ಹಂತ. ನೈಸರ್ಗಿಕ ರಬ್ಬರಿನಲ್ಲಿ ಡಬಲ್ ಬಾಂಡ್ ಜಾಸ್ತಿ, ಗಂಧಕವನ್ನು ಅದೇ ಮೊದಲು ಎಳೆದುಕೊಂಡು ಇಪಿಡಿಎಂ ಅರೆಬೆಂದು ಉಳಿಯುತ್ತದೆ, ಎರಡರ ಗಡಿಯೂ ಸಡಿಲ. ನೀವು ಮಿಕ್ಸಿಂಗ್ ಕ್ರಮ ಬರೆದಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ.

ಮೊದಲು ಎರಡನ್ನೂ ಬೇರೆಬೇರೆಯಾಗಿ ನಿಮ್ಮ ಹಾಸನದ ಲ್ಯಾಬಿನ ಅದೇ ರಬ್ಬರ್ ಬೆರೆಸುವ ಮಿಲ್‌ನಲ್ಲೇ ಮಾಡಿ ಅಳೆಯಿರಿ, ಪುಸ್ತಕದ ಅಂಕಿ ಬೇಡ. ನೈಸರ್ಗಿಕ ರಬ್ಬರ್ ನರಸಿಂಹರಾಜಪುರದ ಶೀಟ್ ಅಲ್ವಾ, ಒಂದೇ ಲಾಟ್ ಇಟ್ಟುಕೊಳ್ಳಿ, ಚೆನ್ನಾಗಿ ಒಣಗಿರಲಿ. ಆಮೇಲೆ ಸಣ್ಣ ಸ್ಟ್ರೇನ್‌ನ ಮಾಡ್ಯುಲಸ್ (ಸ್ವಲ್ಪ ಎಳೆದಾಗಿನ ಬಿಗಿತ) ವೊಯಿಟ್, ರಾಯ್ಸ್ ಮಿತಿಗಳ (ಎರಡೂ ರಬ್ಬರುಗಳ ಬಿಗಿತದಿಂದ ಲೆಕ್ಕ ಹಾಕುವ ಗರಿಷ್ಠ, ಕನಿಷ್ಠ) ನಡುವೆ ಬೀಳುತ್ತದಾ ನೋಡಿ. ಈ ಸೂತ್ರಗಳು ಮಾಡ್ಯುಲಸ್‌ಗೆ ಮಾತ್ರ, ತುಂಡಾಗುವಾಗಿನ ಬಲಕ್ಕೆ ಸುಮ್ನೆ ಹಚ್ಚಬೇಡಿ. ಕೊನೆಗೆ ಇಪಿಡಿಎಂಗೆ ಗಂಧಕ, ಆಕ್ಸಲರೇಟರ್ (ಕ್ಯೂರಿಂಗ್ ಬೇಗ ಮಾಡಿಸುವ ರಾಸಾಯನಿಕ) ಮೊದಲೇ ಬೆರೆಸಿ, ಸ್ಕಾರ್ಚ್ ಆಗುವ, ಅಂದರೆ ಗಟ್ಟಿಯಾಗತೊಡಗುವ, ಮುಂಚಿನವರೆಗೆ ಬಿಸಿ ಮಾಡಿ, ನಂತರ ನೈಸರ್ಗಿಕ ರಬ್ಬರ್ ಸೇರಿಸಿ. ಬಲ ಏರಿದರೆ ಕ್ಯೂರಿಂಗೇ ಕಾರಣ.