ಸ್ವಂತ ದೇಶಕ್ಕೇ ಬರಬೇಡ ಅಂದರೆ?

ಪ್ರಯಾಣ, ವೀಸಾ, ಪಾಸ್‌ಪೋರ್ಟ್ ಬಗ್ಗೆ ನೀವು ಕಳಿಸುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡುತ್ತಿರುತ್ತೇನೆ. ಈ ಸಲ ಬಂದ ಪತ್ರಗಳಲ್ಲಿ ಕೆಲವು ಕೋವಿಡ್ ಕಾಲದ ಬಗ್ಗೆ. ಅವನ್ನೆಲ್ಲ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗಳು, ಅಳಿಯ ಇಬ್ಬರೂ ಆಸ್ಟ್ರೇಲಿಯಾದ ಪ್ರಜೆಗಳು. 2021ರ ಏಪ್ರಿಲ್‌ನಲ್ಲಿ ನಮ್ಮ ಯಜಮಾನರಿಗೆ ಹಾರ್ಟ್ ಆಪರೇಷನ್ ಅಂತ ಮಗಳು ಒಬ್ಬಳೇ ಬಂದಳು. ಹೊರಡೋಕೂ ಅಲ್ಲಿನ ಸರ್ಕಾರದ ಅನುಮತಿ ಬೇಕಿತ್ತು, ತಗೊಂಡೇ ಬಂದಿದ್ದಳು. ವಾಪಸ್ ಹೋಗುವಷ್ಟರಲ್ಲಿ ವಿಮಾನ ನಿಂತಿತು. ಬಂದರೆ ಜೈಲು ಅಂದರು. ಅಲ್ಲಿ ಆರು ವರ್ಷದ ಮಗು ಅಮ್ಮ ಅಮ್ಮ ಅಂತ ಅಳುತ್ತಿತ್ತು. ಮಗಳು ಹೋಗಿದ್ದು ಜುಲೈನಲ್ಲಿ. ಈಗಲೂ ಆ ವಿಷಯ ಬಂದರೆ ಮನೆಯಲ್ಲಿ ಜಗಳ. 'ದೇಶ ಉಳಿಸೋಕೆ ಮಾಡಿದರು, ಸರಿಯಾಗೇ ಮಾಡಿದರು' ಅಂತಾರೆ ಅಳಿಯ. ಮಗಳು ಎದ್ದು ಹೋಗುತ್ತಾಳೆ. ಸ್ವಂತ ಪ್ರಜೆಯನ್ನು ಬರಬೇಡ ಅನ್ನೋ ಹಕ್ಕು ಸರ್ಕಾರಕ್ಕೆ ಇದೆಯಾ?
— ಒಬ್ಬ ತಾಯಿ, ಮೈಸೂರು

ಉತ್ತರ: ಅಮ್ಮ, ನನ್ನನ್ನು ಕೇಳಿದರೆ ಇಲ್ಲ. ಬಂದವರನ್ನು ಹದಿನಾಲ್ಕು ದಿನ ಕೋಣೆಯಲ್ಲಿ ಕೂರಿಸುವ ಹಕ್ಕು ಇದೆ. ಬರಲೇಬೇಡ ಅನ್ನುವ ಹಕ್ಕು ಇಲ್ಲ. ಕ್ವಾರಂಟೈನ್ ಬೇರೆ, ಬಾಗಿಲು ಹಾಕಿಕೊಳ್ಳುವುದು ಬೇರೆ. ನಿಮ್ಮ ಅಳಿಯಂದಿರು ಎರಡನ್ನೂ ಒಂದೇ ಅಂದುಕೊಂಡಿದ್ದಾರೆ ಅನಿಸುತ್ತೆ. ಆದರೆ ಅಲ್ಲಿನ ಕೋರ್ಟ್ ಸರ್ಕಾರದ ಪರವಾಗಿ ಹೇಳಿತು. ಅದಕ್ಕೇ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಸ್ಟ್ರೇಲಿಯಾ 2020ರ ಮಾರ್ಚ್ 20ರ ರಾತ್ರಿ ಗಡಿ ಮುಚ್ಚಿತು. ಪ್ರಜೆಗಳು, ಪಿ.ಆರ್. (ಅಲ್ಲೇ ಕಾಯಂ ಆಗಿ ಇರುವ ಅನುಮತಿ) ಇದ್ದವರು, ಅವರ ಹತ್ತಿರದ ಕುಟುಂಬದವರು ಮಾತ್ರ ಬರಬಹುದಿತ್ತು. ಆ ತಿಂಗಳ ಕೊನೆಗೆ, ಬಂದವರೆಲ್ಲ 14 ದಿನ ಹೋಟೆಲ್‌ನಲ್ಲಿ ಇರಲೇಬೇಕು ಅನ್ನುವ ನಿಯಮ ಬಂತು. ಜುಲೈಯಿಂದ ಅದರ ಖರ್ಚೂ ಬಂದವರ ಮೇಲೇ ಬಿತ್ತು. ಸಿಡ್ನಿಯಲ್ಲಿ ಒಬ್ಬರಿಗೆ 3,000 ಡಾಲರ್. ಕಷ್ಟವೇ, ಆದರೂ ಇಷ್ಟನ್ನು ನಾನು ತಪ್ಪು ಅನ್ನಲ್ಲ. ತಪ್ಪು ಶುರುವಾಗಿದ್ದು ಅದೇ ಜುಲೈನಲ್ಲಿ, ವಾರಕ್ಕೆ ಇಷ್ಟೇ ಜನ ಬರಬೇಕು ಅಂತ ಮಿತಿ ಹಾಕಿದಾಗ.

ಆಗ ನಾನು ಜಯನಗರದಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುತ್ತಿದ್ದೆ. ಆ ಮಿತಿ ಅಂದರೆ ಏನು ಅಂತ ಕೌಂಟರಿನ ಈ ಕಡೆಯಿಂದ ನೋಡಿದ್ದೇನೆ. ಮುನ್ನೂರು ಸೀಟಿನ ವಿಮಾನ, ಒಳಗೆ ಮೂವತ್ತೋ ನಲವತ್ತೋ ಜನ. ಅಷ್ಟೇ ಜನರಿಂದ ಖರ್ಚು ಹುಟ್ಟಬೇಕಲ್ಲ? ವಿಮಾನ ಕಂಪನಿಗಳು ಬಿಸಿನೆಸ್ ಕ್ಲಾಸ್‌ನವರನ್ನು ಮೊದಲು ಹತ್ತಿಸಿಕೊಂಡವು. ಎಕಾನಮಿ ಟಿಕೆಟ್ ತಗೊಂಡವರಿಗೆ ಹೊರಡುವ ಹಿಂದಿನ ದಿನ 'ಕ್ಯಾನ್ಸಲ್' ಅಂತ ಮೆಸೇಜ್. ಸೂಟ್‌ಕೇಸ್ ಕಟ್ಟಿಟ್ಟು, ನೆಂಟರಿಗೆಲ್ಲ ಹೇಳಿ ಮುಗಿಸಿದ್ದವರು ಮತ್ತೆ ನನ್ನ ಮುಂದೆ ಬಂದು ಕೂರುತ್ತಿದ್ದರು. ಸರ್ಕಾರ ಬಾಯಿಬಿಟ್ಟು ಯಾರಿಗೂ ಬರಬೇಡಿ ಅಂದಿರಲಿಲ್ಲ. ಆದರೆ ದುಡ್ಡಿದ್ದವರು ಹೋದರು, ಇಲ್ಲದವರು ಉಳಿದರು.

ನಿಮ್ಮ ಮಗಳು ಬಂದದ್ದು ಎರಡನೇ ಅಲೆ ಏರುತ್ತಿದ್ದಾಗ. ಏಪ್ರಿಲ್ 27ಕ್ಕೆ ಆಸ್ಟ್ರೇಲಿಯಾ ಭಾರತದಿಂದ ಬರುವ ವಿಮಾನಗಳನ್ನು ನಿಲ್ಲಿಸಿತು. ನಮ್ಮ ರಾಜ್ಯದಲ್ಲಿ ಕರ್ಫ್ಯೂ ಶುರುವಾಗಿದ್ದೂ ಅದೇ ರಾತ್ರಿ. ನಮ್ಮ ಆರ್‌ಸಿಬಿಯಲ್ಲಿ ಆಡುತ್ತಿದ್ದ ಆಡಮ್ ಝಂಪಾ, ಕೇನ್ ರಿಚರ್ಡ್‌ಸನ್ ದೋಹಾ ಮಾರ್ಗವಾಗಿ ಹಾರಿ ಮನೆ ಸೇರಿಕೊಂಡರು. ಆಮೇಲೆ ಆ ದಾರಿಯೂ ಮುಚ್ಚಿತು. ಏಪ್ರಿಲ್ 30ಕ್ಕೆ ಆರೋಗ್ಯ ಸಚಿವ ಗ್ರೆಗ್ ಹಂಟ್ ಆದೇಶ ಹೊರಡಿಸಿದರು: ಹಿಂದಿನ 14 ದಿನದಲ್ಲಿ ಭಾರತದಲ್ಲಿ ಇದ್ದವರು, ಪ್ರಜೆಯೇ ಆಗಿರಲಿ, ಆಸ್ಟ್ರೇಲಿಯಾದಲ್ಲಿ ಕಾಲಿಡುವಂತಿಲ್ಲ. ಇಟ್ಟರೆ ಐದು ವರ್ಷದವರೆಗೆ ಜೈಲು, ಇಲ್ಲವೇ 66,600 ಡಾಲರ್‌ವರೆಗೆ ದಂಡ. ಮೇ 3ರಿಂದ ಜಾರಿ. ಜೈಲಿಗೆ ಹಾಕುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಅಂತ ಪ್ರಧಾನಿ ಸ್ಕಾಟ್ ಮಾರಿಸನ್ ಆಮೇಲೆ ಸಮಾಧಾನ ಹೇಳಿದರು. ಕಾನೂನಿನಲ್ಲಿ ಬರೆದಾಗಿತ್ತು. ಬರೆದದ್ದನ್ನು ಓದಿದವರ ಎದೆ ಒಡೆದಾಗಿತ್ತು.

ಆ ವಾರ ಶಿವಮೊಗ್ಗದಿಂದ ಒಬ್ಬ ಅಜ್ಜಿ ಫೋನ್ ಮಾಡಿದರು. ನಾಲ್ಕು ವರ್ಷದ ಮೊಮ್ಮಗ ಅವರ ಹತ್ತಿರ ಇದ್ದ. ಅಪ್ಪ, ಅಮ್ಮ ಅಡಿಲೇಡ್‌ನಲ್ಲಿ, ತಾಯಿ ನರ್ಸ್. ಕೆಲವು ತಿಂಗಳ ಮಟ್ಟಿಗೆ ಅಂತ ಬಿಟ್ಟು ಹೋದವರು ವರ್ಷವಾದರೂ ಕರೆಸಿಕೊಳ್ಳೋಕೆ ಆಗಿರಲಿಲ್ಲ. ಅಷ್ಟು ಚಿಕ್ಕ ಮಗುವನ್ನು ಒಂಟಿಯಾಗಿ ವಿಮಾನ ಹತ್ತಿಸುವ ಹಾಗಿಲ್ಲ, ಜೊತೆಗೆ ಹೋಗೋಕೆ ಅಜ್ಜಿಗೆ ವೀಸಾ ಇಲ್ಲ. ಮಗುವಿನ ಪಾಸ್‌ಪೋರ್ಟಿನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದ್ದರು, ಎಲ್ಲ ಪುಟಗಳದ್ದೂ. ಮೊದಲ ಪುಟದಲ್ಲಿ ಆಸ್ಟ್ರೇಲಿಯಾದ ಗವರ್ನರ್ ಜನರಲ್ ಹೆಸರಿನಲ್ಲಿ ಒಂದು ಕೋರಿಕೆ ಇರುತ್ತೆ: ಈ ಪ್ರಜೆಯನ್ನು ಅಡ್ಡಿಯಿಲ್ಲದೆ ಹೋಗಲು ಬಿಡಿ, ಬೇಕಾದ ಸಹಾಯ, ರಕ್ಷಣೆ ಕೊಡಿ ಅಂತ. ಲೋಕದ ಎಲ್ಲರಿಗೂ ಮಾಡಿದ ಕೋರಿಕೆ ಅದು. ಅದನ್ನು ಓದಿ ನಾನು ಅಜ್ಜಿಗೆ ಏನು ಹೇಳಲಿ? ಹೀಗೆ ಅಪ್ಪ ಅಮ್ಮ ಜೊತೆಗಿಲ್ಲದೆ ಭಾರತದಲ್ಲಿ ಉಳಿದ ಆಸ್ಟ್ರೇಲಿಯನ್ ಮಕ್ಕಳು 173 ಅಂತ ಆ ಮೇ ತಿಂಗಳಲ್ಲಿ ಅಲ್ಲಿನ ಅಧಿಕಾರಿಗಳೇ ಸೆನೆಟ್ ಸಮಿತಿಗೆ ಹೇಳಿದರು.

ಈಗ ಕೋರ್ಟ್ ವಿಷಯ. ಬೆಂಗಳೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಹಿರಿಯ ಆಸ್ಟ್ರೇಲಿಯನ್ ಒಬ್ಬರು ಅಲ್ಲಿನ ಫೆಡರಲ್ ಕೋರ್ಟ್‌ಗೆ ಹೋದರು. ಮೇ 10ಕ್ಕೆ ತೀರ್ಪು ಅವರ ವಿರುದ್ಧ ಬಂತು. ರೋಗ ಒಳಗೆ ಬಾರದಂತೆ, ಹರಡದಂತೆ ತಡೆಯುವ 2015ರ ಬಯೋಸೆಕ್ಯುರಿಟಿ ಕಾಯ್ದೆ ಆರೋಗ್ಯ ಸಚಿವರಿಗೆ ಬಹಳ ದೊಡ್ಡ ಅಧಿಕಾರ ಕೊಟ್ಟಿದೆ, ಪ್ರಜೆ ತನ್ನ ದೇಶಕ್ಕೆ ಬರುವ ಹಕ್ಕನ್ನೂ ಅದು ಮೀರಬಹುದು ಅನ್ನುವುದು ತೀರ್ಪಿನ ಸಾರ. ಆಸ್ಟ್ರೇಲಿಯಾದ ಸಂವಿಧಾನದಲ್ಲಿ ನಮ್ಮದರ ಹಾಗೆ ಮೂಲಭೂತ ಹಕ್ಕುಗಳ ಪಟ್ಟಿ ಇಲ್ಲ. ನನಗೆ ಇದೇ ಮುಖ್ಯ ಕಾರಣ ಅನಿಸುತ್ತೆ. ಪಕ್ಕದ ನ್ಯೂಜಿಲೆಂಡ್ ನೋಡಿ. ಅಲ್ಲಿ ಕ್ವಾರಂಟೈನ್ ಕೋಣೆಗೆ ಲಾಟರಿ ಥರ ಸರದಿ ಇಟ್ಟಿದ್ದರು. ಹೊರಗೆ ಉಳಿದ ಪ್ರಜೆಗಳು ಸಂಘ ಕಟ್ಟಿಕೊಂಡು ಕೇಸ್ ಹಾಕಿದರು. 1990ರ ಹಕ್ಕುಗಳ ಕಾಯ್ದೆಯಲ್ಲಿ 'ಪ್ರತಿ ಪ್ರಜೆಗೂ ದೇಶದೊಳಗೆ ಬರುವ ಹಕ್ಕಿದೆ' ಅಂತ ಸ್ಪಷ್ಟವಾಗಿ ಬರೆದಿದೆ. ಕ್ವಾರಂಟೈನ್ ಮಾಡಿದ್ದು ಸರಿ, ಆದರೆ ಕೋಣೆ ಹಂಚಿದ ರೀತಿಯಿಂದ ಕೆಲವು ಪ್ರಜೆಗಳ ಹಕ್ಕಿಗೆ ಸಕಾರಣವಿಲ್ಲದೆ ಧಕ್ಕೆಯಾಯಿತು ಅಂತ 2022ರ ಏಪ್ರಿಲ್‌ನಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. ಅಳಿಯಂದಿರಿಗೆ ಈ ತೀರ್ಪಿನ ವಿಷಯ ಹೇಳಿ. ಅವರ ವಾದಕ್ಕೂ ಮಗಳ ನೋವಿಗೂ ಎರಡಕ್ಕೂ ಅದರಲ್ಲಿ ಜಾಗ ಇದೆ.

ಅವರ ಮಾತಿನಲ್ಲಿ ಅರ್ಧ ನಿಜ ಇರುವುದನ್ನೂ ಒಪ್ಪಿಕೊಳ್ಳಬೇಕು. ಆ ಏಪ್ರಿಲ್‌ನಲ್ಲಿ ಅಲ್ಲಿನ ಕ್ವಾರಂಟೈನ್‌ನಲ್ಲಿ ಸಿಕ್ಕ ಸೋಂಕಿತರಲ್ಲಿ ಅರ್ಧಕ್ಕಿಂತ ಜಾಸ್ತಿ ಭಾರತದಿಂದ ಹೋದವರು. ಹೋಟೆಲ್‌ಗಳ ಕಾರಿಡಾರ್‌ನಿಂದ ವೈರಸ್ ಊರೊಳಗೆ ಹೋಗಿದ್ದೂ ಉಂಟು. ಆದರೆ ಅದಕ್ಕೆ ಮದ್ದು ಅವರ ಹತ್ತಿರವೇ ಇತ್ತು. ಡಾರ್ವಿನ್ ಊರಿನ ಹೊರಗೆ ಹೋವರ್ಡ್ ಸ್ಪ್ರಿಂಗ್ಸ್ ಅಂತ ಒಂದು ಜಾಗ. ಗ್ಯಾಸ್ ಯೋಜನೆಯ ಕೆಲಸಗಾರರಿಗೆ ಕಟ್ಟಿದ ಹಳೇ ವಸತಿ. ಪುಟ್ಟ ಪುಟ್ಟ ಕ್ಯಾಬಿನ್, ಮುಂದೆ ಒಂದು ಜಗಲಿ, ಹೊರಗಿನ ಗಾಳಿ. ಅಂಥವನ್ನು ಇನ್ನೂ ನಾಲ್ಕು ಮಾಡೋಕೆ ಒಂದು ವರ್ಷ ಸಮಯ ಇತ್ತು. ಮಾಡಲಿಲ್ಲ. ಅಮೆರಿಕ, ಬ್ರಿಟನ್‌ನಲ್ಲಿ ಸೋಂಕು ಉಕ್ಕಿದಾಗ ಅಲ್ಲಿಂದ ಬರುವ ಪ್ರಜೆಗಳಿಗೆ ಜೈಲು ಅಂತ ಯಾರೂ ಹೇಳಲಿಲ್ಲ. ಭಾರತದಿಂದ ಬರುವವರಿಗೆ ಮಾತ್ರ ಹೇಳಿದರು. ಮಗಳು ಎದ್ದು ಹೋಗುವುದು ಇದಕ್ಕೇ ಇರಬೇಕು ಅಂತ ನನ್ನ ಊಹೆ.

ಮೇ 15ಕ್ಕೆ ನಿಷೇಧ ಮುಗಿಯಿತು. ಅವತ್ತು ದೆಹಲಿಯಿಂದ ಡಾರ್ವಿನ್‌ಗೆ ಹೋದ ಮೊದಲ ವಿಮಾನದಲ್ಲಿ 150 ಜನರಿಗೆ ಜಾಗ ಇತ್ತು. ಹತ್ತಿದ್ದು ಸುಮಾರು 80. ಉಳಿದವರಲ್ಲಿ ಕೆಲವರಿಗೆ ಟೆಸ್ಟ್ ಪಾಸಿಟಿವ್, ಕೆಲವರು ಅವರ ಜೊತೆ ಇದ್ದವರು. ಆಮೇಲೂ ವಿಮಾನಗಳು ಕಡಿಮೆ, ಜುಲೈನಲ್ಲಿ ವಾರದ ಮಿತಿಯನ್ನು ಮತ್ತೆ ಅರ್ಧ ಮಾಡಿದರು. ನಿಮ್ಮ ಮಗಳು ಜುಲೈನಲ್ಲಿ ಹೋದಳಲ್ಲ, ಅದೇ ದೊಡ್ಡದು. ಅವಳು ಅನುಮತಿ ತಗೊಂಡು ಬಂದವಳು, ಎಲ್ಲ ನಿಯಮ ಪಾಲಿಸಿದವಳು, ಅಪ್ಪನ ಹಾಸಿಗೆ ಪಕ್ಕ ನಿಲ್ಲೋಕೆ ಬಂದವಳು. ಈ ಮಾತನ್ನು ಅಳಿಯಂದಿರ ಎದುರಿಗೇ ನೀವು ಒಂದು ಸಲ ಗಟ್ಟಿಯಾಗಿ ಹೇಳಿಬಿಡಿ.

ಪ್ರಶ್ನೆ: ನನ್ನ ಮಗಳಿಗೆ ಬ್ರಿಸ್ಬೇನ್‌ನಲ್ಲಿ 2021ರ ಫೆಬ್ರುವರಿಯಲ್ಲಿ ಹೆರಿಗೆ ಆಯಿತು. ಬಾಣಂತನಕ್ಕೆ ನಾನು ಹೋಗಬೇಕಿತ್ತು, ಬಿಡಲಿಲ್ಲ. ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಹಾಕಿಕೊಂಡು ನೀರು ಹಾಕೋದನ್ನ ದಿಂಬು ಇಟ್ಟುಕೊಂಡು ವಿಡಿಯೋ ಕಾಲ್‌ನಲ್ಲಿ ತೋರಿಸಿಕೊಟ್ಟೆ. ಹೆತ್ತ ತಾಯಿ ಕುಟುಂಬದವಳಲ್ಲ ಅಂದರಂತೆ, ಇದು ನಿಜವೇ?
— ದಾವಣಗೆರೆಯಿಂದ ಒಬ್ಬರು

ಉತ್ತರ: ನಿಜ. ಪ್ರಜೆಗಳ, ಪಿ.ಆರ್. ಇದ್ದವರ 'ಹತ್ತಿರದ ಕುಟುಂಬ'ಕ್ಕೆ ವಿನಾಯಿತಿ ಇತ್ತು. ಆದರೆ ಆ ಪಟ್ಟಿಯಲ್ಲಿ ಗಂಡ ಅಥವಾ ಹೆಂಡತಿ, ಜೊತೆಗಾರರು, ಅವಲಂಬಿತ ಮಕ್ಕಳು, ಕಾನೂನಿನ ಪ್ರಕಾರ ಪಾಲಕರಾದವರು (ಲೀಗಲ್ ಗಾರ್ಡಿಯನ್), ಇಷ್ಟೇ. ವಯಸ್ಸಿಗೆ ಬಂದ ಮಗಳ ತಂದೆ ತಾಯಿ ಅದರಲ್ಲಿ ಇರಲಿಲ್ಲ. ನಮ್ಮ ಕಡೆ ಚೊಚ್ಚಲ ಬಾಣಂತನ ತಾಯಿಯ ಕೆಲಸ ಅನ್ನೋದು ಆ ಪಟ್ಟಿ ಬರೆದವರ ತಲೆಗೆ ಹೊಳೆದಿರಲಿಕ್ಕಿಲ್ಲ. ಮಾನವೀಯತೆಯ ಮೇಲೆ ಬೇರೆ ಅರ್ಜಿ ಹಾಕಬಹುದಿತ್ತು. ಹೆರಿಗೆ ಅಂತ ಕಾರಣ ಕೊಟ್ಟು ನಾವೂ ಹಾಕಿಸಿದ್ದೇವೆ. ಜಾಸ್ತಿ ತಿರಸ್ಕಾರವೇ ಬರುತ್ತಿತ್ತು, ಎರಡು ಸಾಲಿನ ಇಮೇಲ್.

ಅಲ್ಲಿನ ಮಕ್ಕಳು ಸುಮ್ನೆ ಕೂರಲಿಲ್ಲ. ಅರ್ಜಿ, ಸಹಿ ಸಂಗ್ರಹ, ಸಂಸದರಿಗೆ ಪತ್ರ ಎಲ್ಲ ಮಾಡಿದರು. ಕೊನೆಗೆ 2021ರ ನವೆಂಬರ್ 1ರಿಂದ ತಂದೆ ತಾಯಿಯನ್ನೂ ಹತ್ತಿರದ ಕುಟುಂಬ ಅಂತ ಸೇರಿಸಿದರು. ಲಸಿಕೆ ಹಾಕಿಸಿಕೊಂಡಿರಬೇಕು ಅನ್ನುವ ಷರತ್ತು ಇತ್ತು. ಕೋವಿಶೀಲ್ಡ್‌ಗೆ ಅಕ್ಟೋಬರ್ 1ಕ್ಕೆ ಒಪ್ಪಿಗೆ ಸಿಕ್ಕಿತ್ತು, ಕೋವ್ಯಾಕ್ಸಿನ್‌ಗೆ ನವೆಂಬರ್ 1ಕ್ಕೆ. ಅಷ್ಟು ಹೊತ್ತಿಗೆ ನಿಮ್ಮ ಮೊಮ್ಮಗು ಅಂಬೆಗಾಲು ಇಡುತ್ತಿತ್ತು ಅಲ್ವಾ? ಆ ತಿಂಗಳುಗಳನ್ನು ಯಾವ ಆದೇಶವೂ ವಾಪಸ್ ಕೊಡಲ್ಲ. ನಿಮ್ಮ ಬೇಸರ ನ್ಯಾಯವಾದದ್ದು.

ಪ್ರಶ್ನೆ: ಆಸ್ಟ್ರೇಲಿಯಾವನ್ನು ಎಲ್ಲರೂ ಬೈಯ್ಯುತ್ತಾರೆ. 2020ರಲ್ಲಿ ದುಬೈನಲ್ಲಿ ಕೆಲಸ ಹೋಗಿ, ರೂಮಿನ ಬಾಡಿಗೆ ಕಟ್ಟೋಕೆ ಆಗದೆ ಕೂತಿದ್ದೆ. ನಮ್ಮ ದೇಶ ನಮಗೆ ಮಾಡಿದ್ದೇನು?
— ಉಡುಪಿ ಓದುಗ

ಉತ್ತರ: ಅದೇ ಮಾಡಿತು, ಸರ್. ಮುಚ್ಚುಮರೆ ಯಾಕೆ? ಮಾರ್ಚ್ 22ಕ್ಕೆ ಹೊರದೇಶದ ಪ್ರಯಾಣಿಕ ವಿಮಾನಗಳು ನಿಂತವು. ಅದಕ್ಕೂ ಮೊದಲೇ ಯುರೋಪ್, ಬ್ರಿಟನ್, ಮಲೇಷ್ಯಾ, ಫಿಲಿಪ್ಪೀನ್ಸ್‌ನಿಂದ ಬರುವವರನ್ನು, ಭಾರತೀಯರನ್ನೂ ಸೇರಿಸಿ, ತಡೆದಿದ್ದರು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್‌ಗೆ ಹೋದವರಿಗೆ ಸಿಕ್ಕ ಮಾತು, ಸದ್ಯಕ್ಕೆ ಇದ್ದಲ್ಲೇ ಇರಿ ಅಂತ. ಹೊರಗೆ ಸಿಕ್ಕಿಹಾಕಿಕೊಂಡವರನ್ನು ಕರೆತರುವ 'ವಂದೇ ಭಾರತ್' ವಿಮಾನಗಳು ಶುರುವಾಗಿದ್ದು ಮೇ 7ಕ್ಕೆ. ಮಂಗಳೂರಿಗೆ ದುಬೈನಿಂದ ಮೊದಲನೆಯದು ಬಂದಿದ್ದು ಮೇ 12ಕ್ಕೆ. ಟಿಕೆಟ್ ದುಡ್ಡು ಪ್ರಯಾಣಿಕರದ್ದೇ. ಸಂಬಳ ನಿಂತವರ ಹತ್ತಿರವೂ ಕೇಳಿದರು, ಇದು ನನಗೆ ಇವತ್ತಿಗೂ ನುಂಗಲಾಗದ ಮಾತು. ಯಾಕೆಂದರೆ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ 2009ರಿಂದ ಇದೆ. ಆ ಕಚೇರಿಗಳಲ್ಲಿ ಪಾಸ್‌ಪೋರ್ಟ್, ವೀಸಾ ಸೇವೆಗೆ ಕಟ್ಟುವ ಶುಲ್ಕದಿಂದಲೇ ಅದಕ್ಕೆ ದುಡ್ಡು ಸೇರುತ್ತೆ. ಕಷ್ಟದಲ್ಲಿ ಇರುವವರಿಗೆ ಊಟ, ವಸತಿ, ವಾಪಸ್ ಟಿಕೆಟ್ ಕೊಡೋಕೇ ಇರುವ ನಿಧಿ. ಕೇಳಿದವರಲ್ಲಿ ಕೆಲವರಿಗೆ ಸಿಕ್ಕಿತು. ಹೀಗೊಂದು ಇದೆ ಅನ್ನೋದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಗಲ್ಫ್‌ಗೆ ಹೋಗುವ ಹುಡುಗರಿಗೆ ದಯವಿಟ್ಟು ಹೇಳಿ ಕಳಿಸಿ.

ಪ್ರಶ್ನೆ: ಮಗ ಮೆಲ್ಬರ್ನ್‌ನಲ್ಲಿ ಪಿ.ಆರ್. ಪೌರತ್ವ ತಗೊಂಡುಬಿಟ್ಟರೆ ಮುಂದೆ ಇಂಥ ಕಾಲ ಬಂದರೆ ಸಿಕ್ಕಿಹಾಕಿಕೊಳ್ಳಲ್ಲ ಅಲ್ವಾ?
— ಹುಬ್ಬಳ್ಳಿಯಿಂದ ಒಬ್ಬ ತಂದೆ

ಉತ್ತರ: ಆ ಒಂದು ಕಾರಣಕ್ಕೆ ತಗೊಳ್ಳುವುದು ಬೇಡ. ಗಡಿ ಮುಚ್ಚಿದ ಕಾಲದಲ್ಲಿ ಪಿ.ಆರ್. ಇದ್ದವರಿಗೂ ಪ್ರಜೆಗಳಿಗೂ ಒಳಗೆ ಬರುವ ನಿಯಮ ಒಂದೇ ಇತ್ತು, ಭಾರತದ ಮೇಲಿನ ನಿಷೇಧವೂ ಇಬ್ಬರಿಗೂ ತಟ್ಟಿತು. ಇನ್ನೊಂದು ಕಡೆಯನ್ನೂ ಯೋಚಿಸಿ. ಆಸ್ಟ್ರೇಲಿಯಾ ಪೌರತ್ವ ತಗೊಂಡರೆ ಭಾರತದ್ದು ಹೋಗುತ್ತೆ, ಉಳಿಯುವುದು ಓಸಿಐ ಕಾರ್ಡ್, ಅಂದರೆ ಬೇರೆ ದೇಶದ ಪ್ರಜೆಯಾದ ಭಾರತೀಯ ಮೂಲದವರಿಗೆ ವೀಸಾ ಇಲ್ಲದೆ ಬಂದುಹೋಗೋಕೆ ಕೊಡುವ ಕಾರ್ಡ್. 2020ರ ಮಾರ್ಚ್ 13ರಿಂದ ಓಸಿಐ ಇದ್ದವರು ವೀಸಾ ಇಲ್ಲದೆ ಬರುವುದನ್ನು ಭಾರತ ನಿಲ್ಲಿಸಿತ್ತು. ಮೇ ತಿಂಗಳಲ್ಲಿ ಕೆಲವರಿಗೆ ಮಾತ್ರ ಸಡಿಲ ಮಾಡಿದರು. ಎಲ್ಲರಿಗೂ ಬಿಟ್ಟದ್ದು ಅಕ್ಟೋಬರ್‌ನಲ್ಲಿ. ನಿಮಗೆ ಹುಷಾರಿಲ್ಲ ಅಂತ ಓಡಿ ಬರೋಕೆ ಆ ತಿಂಗಳುಗಳಲ್ಲಿ ಭಾರತೀಯ ಪಾಸ್‌ಪೋರ್ಟೇ ಹೆಚ್ಚು ಕೆಲಸಕ್ಕೆ ಬರುತ್ತಿತ್ತು. ಮಗ ಎಲ್ಲಿ ಬಾಳಬೇಕು ಅಂತಿದ್ದಾನೋ ಅದನ್ನು ನೋಡಿ ತೀರ್ಮಾನ ಮಾಡಲಿ. ತಗೊಂಡರೆ ಹಳೇ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಪತ್ರ ತಗೊಳ್ಳುವುದನ್ನು ಮುಂದೂಡಬಾರದು. ಓಸಿಐ ಅರ್ಜಿಗೆ ಅದು ಬೇಕೇ ಬೇಕು.